ಸಕ್ಕರೆಗೂ ಮನಸ್ಸಿಗೂ ಒಂದೇ ಚೀಟಿ: ತಾಲ್ಲೂಕು ಆಸ್ಪತ್ರೆಯ ಚಿಕಿತ್ಸೆಯನ್ನು ನಂಬಬಹುದೇ?

ಓದುಗರ ಪ್ರಶ್ನೆ

ನಾನು ಇಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಶಿಕ್ಷಕ. ನನ್ನ ತಾಯಿಗೆ 58 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ. ಕಳೆದ ವರ್ಷ ತಂದೆ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಹತ್ತುವುದು ನಿಂತಿತು, ಊಟ ಕಡಿಮೆಯಾಯಿತು. “ಎದಿ ಹಾರತೈತಿ, ಅಂಗಾಲು ಉರಿತಾವ, ಯಾತರಾಗೂ ಮನಸ್ಸಿಲ್ಲ” ಎನ್ನುತ್ತಿದ್ದರು. ಸೊಲ್ಲಾಪುರದ ಖಾಸಗಿ ಮನೋವೈದ್ಯರೊಬ್ಬರು ಖಿನ್ನತೆ ಎಂದು ಗುರುತಿಸಿ ಗುಳಿಗೆ ಬರೆದುಕೊಟ್ಟರು. ಮೂರು ತಿಂಗಳಲ್ಲಿ ತಾಯಿ ಬಹುಮಟ್ಟಿಗೆ ಮೊದಲಿನಂತಾದರು. ಆದರೆ ತಿಂಗಳಿಗೆ ವೈದ್ಯರ ಶುಲ್ಕ 500, ಗುಳಿಗೆ 1,300, ಇಬ್ಬರ ಪ್ರಯಾಣ ಮತ್ತು ಊಟ 700 ರೂಪಾಯಿ, ಅದರ ಮೇಲೆ ಜೊತೆಗೆ ಹೋಗುವ ತಮ್ಮನ ಒಂದು ದಿನದ ಕೂಲಿ. ಗುಣವಾಯಿತಲ್ಲ ಎಂದು ನಿಲ್ಲಿಸಿಬಿಟ್ಟೆವು. ಎರಡೇ ತಿಂಗಳಲ್ಲಿ ಎಲ್ಲವೂ ಮರುಕಳಿಸಿದೆ, ಸಕ್ಕರೆ 310ಕ್ಕೆ ಏರಿದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ, ಸಕ್ಕರೆ, ಬಿಪಿ, ಮನಸ್ಸಿನ ಕಾಯಿಲೆ ಎಲ್ಲವನ್ನೂ ಒಂದೇ ಕಡೆ ಉಚಿತವಾಗಿ ನೋಡುತ್ತಾರೆ ಎಂದು ಊರಿನ ಆಶಾ ಕಾರ್ಯಕರ್ತೆ ಹೇಳುತ್ತಾರೆ. ನೆಂಟರು ಮಾತ್ರ “ಪುಕ್ಕಟೆ ಗುಳಿಗ್ಯಾಗ ಪವರ್ ಇರಂಗಿಲ್ಲ, ತಲಿ ಗುಳಿಗಿ ಒಮ್ಮೆ ಹಿಡಿದ್ರ ಬಿಡಾಕ ಬರಂಗಿಲ್ಲ” ಎಂದು ಹೆದರಿಸುತ್ತಿದ್ದಾರೆ. ಹೀಗೆ ಎಲ್ಲವನ್ನೂ ಕೂಡಿಸಿ ಕೊಡುವ ಚಿಕಿತ್ಸೆಯಿಂದ ನಿಜವಾಗಿ ಗುಣವಾಗುತ್ತದೆಯೇ? ಖರ್ಚು ಉಳಿಯುತ್ತದೆಯೇ? ಎರಡೂ ಕಾಯಿಲೆಯ ಗುಳಿಗೆಗಳನ್ನು ಒಟ್ಟಿಗೆ ನುಂಗಬಹುದೇ? ಆರೋಗ್ಯ ವಿಮೆ ಇದಕ್ಕೆ ಸಿಗುತ್ತದೆಯೇ? ಇತ್ತೀಚೆಗೆ ತಾಯಿ “ಇರೂದಕ್ಕಿಂತ ಹೋದ್ರ ಚಲೋ” ಎಂದೂ ಅನ್ನುತ್ತಾರೆ. ವಯಸ್ಸಾದವರ ಮಾತು ಎಂದು ನಾವು ಹೆಚ್ಚು ತಲೆಗೆ ಹಚ್ಚಿಕೊಂಡಿಲ್ಲ.

ತಜ್ಞರ ಉತ್ತರ

ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳು ಒಂದು ವಾರ ಕಾಯಬಲ್ಲವು, ಇದು ಕಾಯಲಾರದು. “ಇರೂದಕ್ಕಿಂತ ಹೋದ್ರ ಚಲೋ” ಎಂದು ನಮ್ಮ ಭಾಗದ ಹಿರಿಯರು ಬೇಸತ್ತಾಗ ಅನ್ನುವುದುಂಟು, ನಿಜ. ಆದರೆ ಖಿನ್ನತೆ ಮರುಕಳಿಸಿ, ಊಟ ನಿದ್ದೆ ಕೆಟ್ಟು, ವರ್ಷದ ಹಿಂದಷ್ಟೇ ಗಂಡನನ್ನು ಕಳೆದುಕೊಂಡಿರುವವರ ಬಾಯಲ್ಲಿ ಅದೇ ಮಾತು ಬಂದರೆ ನಾವು ಅದನ್ನು ರೋಗಲಕ್ಷಣವೆಂದೇ ಎಣಿಸುತ್ತೇವೆ. ಇವತ್ತು ಸಂಜೆಯೇ ತಾಯಿಯ ಪಕ್ಕದಲ್ಲಿ ಕುಳಿತು, ಸಾಯಬೇಕೆಂಬ ಯೋಚನೆ ಬರುತ್ತದೆಯೇ, ಏನಾದರೂ ಮಾಡಿಕೊಳ್ಳಬೇಕೆಂದು ಅನಿಸಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ಅದು ಆಧಾರವಿಲ್ಲದ ಭಯ. ಕೇಳಿದಾಗ ಬಹುತೇಕರು ಅಳುತ್ತಾರೆ, ಆಮೇಲೆ ಎದೆಯ ಭಾರ ಇಳಿಯಿತು ಎನ್ನುತ್ತಾರೆ. ಹೊಲ ಅಥವಾ ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇಂದೇ ಅದನ್ನು ಹೊರಗೆ ಸಾಗಿಸಿ, ಬೀಗ ಹಾಕಿ, ಬೀಗದ ಕೈ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮನೆಯಲ್ಲಿರುವ ಎಲ್ಲ ಗುಳಿಗೆಗಳೂ ಸದ್ಯಕ್ಕೆ ನಿಮ್ಮ ಅಥವಾ ನಿಮ್ಮ ತಮ್ಮನ ವಶದಲ್ಲಿರಲಿ. ತಾಯಿ “ಹೌದು” ಎಂದರೆ, ಅಥವಾ ಊಟ ನೀರು ಪೂರ್ತಿ ಬಿಟ್ಟರೆ, ಮಂಗಳವಾರದ ದಾರಿ ನೋಡದೆ ವಿಜಯಪುರದ ಜಿಲ್ಲಾಸ್ಪತ್ರೆಗೋ ಯಾವುದಾದರೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಕರೆದುಕೊಂಡು ಹೋಗಿ; ಅಲ್ಲಿಯವರೆಗೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಅಪರಾತ್ರಿಯಲ್ಲಿ ಯಾರನ್ನು ಕೇಳುವುದೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಉಚಿತವಾಗಿದ್ದು, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಹಣ ಕೊಡದ ಚಿಕಿತ್ಸೆ ಕಡಿಮೆ ದರ್ಜೆಯದೇ ಎಂಬುದು ಒಂದು ಚಿಂತೆ. ಹತ್ತು ಕಾಯಿಲೆಗಳನ್ನು ಒಂದೇ ಬಾಗಿಲಲ್ಲಿ ನೋಡುವ ಜಾಗದಲ್ಲಿ ಒಂದನ್ನಾದರೂ ಸರಿಯಾಗಿ ನೋಡುತ್ತಾರೆಯೇ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಚಿಂತೆಗಳೇ. ನೀವು ಕೇಳಿರುವ ಸಮಗ್ರ ಚಿಕಿತ್ಸೆ, ಅಂದರೆ ಮನಸ್ಸಿನ ಕಾಯಿಲೆಯನ್ನು ಸಾಮಾನ್ಯ ಆಸ್ಪತ್ರೆಯಲ್ಲೇ ಉಳಿದ ಕಾಯಿಲೆಗಳ ಜೊತೆ ನೋಡುವ ಪದ್ಧತಿ, ಹೊರಗಿನಿಂದ ಬಂದ ಹೊಸ ಪ್ರಯೋಗವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಇದನ್ನು ನಡೆಸಿ ತೋರಿಸಿತು. ಆ ಬಳ್ಳಾರಿ ಮಾದರಿಯನ್ನೇ ಆಧರಿಸಿ 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ನಿಮ್ಮ ಆಶಾ ಕಾರ್ಯಕರ್ತೆ ಹೇಳಿದ ಮಂಗಳವಾರದ ಕ್ಲಿನಿಕ್ ಕರ್ನಾಟಕ ಸರ್ಕಾರ 2014ರಲ್ಲಿ ಆರಂಭಿಸಿದ ಮನೋಚೈತನ್ಯ ಕಾರ್ಯಕ್ರಮದ ಭಾಗ.

ಇದರಿಂದ ಗುಣವಾಗುತ್ತದೆಯೇ ಎಂಬುದಕ್ಕೆ ನಮ್ಮ ನೆರೆಯ ಗೋವಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ನೀವು ಕೇಳಿದ ರೀತಿಯಲ್ಲೇ ಉತ್ತರ ಕೊಡುತ್ತದೆ. 12 ಸರ್ಕಾರಿ ಆರೋಗ್ಯ ಕೇಂದ್ರಗಳು ಮತ್ತು 12 ಖಾಸಗಿ ದವಾಖಾನೆಗಳಿಗೆ ಬರುತ್ತಿದ್ದ, ಖಿನ್ನತೆ ಅಥವಾ ಆತಂಕದಿಂದ ಬಳಲುತ್ತಿದ್ದ ಸುಮಾರು 2,800 ಜನರನ್ನು ಅದರಲ್ಲಿ ಸೇರಿಸಿಕೊಂಡಿದ್ದರು. ಅರ್ಧದಷ್ಟು ಕೇಂದ್ರಗಳಲ್ಲಿ ವೈದ್ಯರ ಜೊತೆ ಒಬ್ಬ ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರ್ತಿ ಇದ್ದರು. ಅವರು ಮನೋವೈದ್ಯರಲ್ಲ, ದಾದಿಯೂ ಅಲ್ಲ. ಕಾಯಿಲೆಯ ಬಗ್ಗೆ ತಿಳಿಸಿ ಹೇಳುವುದು, ಗುಳಿಗೆ ಬಿಡದಂತೆ ನೋಡಿಕೊಳ್ಳುವುದು, ಬಾರದವರನ್ನು ಹುಡುಕಿ ಕರೆಸುವುದು, ಸುಧಾರಿಸದವರನ್ನು ತಜ್ಞರ ಮುಂದೆ ಕೂರಿಸುವುದು ಅವರ ಕೆಲಸ. ಆರು ತಿಂಗಳ ನಂತರ ನೋಡಿದಾಗ, ಇಂಥವರು ಇಲ್ಲದ ಸರ್ಕಾರಿ ಕೇಂದ್ರಗಳಲ್ಲಿ ಗುಣವಾದವರು ಶೇ 42.5, ಇದ್ದ ಸರ್ಕಾರಿ ಕೇಂದ್ರಗಳಲ್ಲಿ ಶೇ 65.9. ಖಾಸಗಿ ದವಾಖಾನೆಗಳಲ್ಲಿ ಸಲಹೆಗಾರ್ತಿ ಇದ್ದರೂ ಇಲ್ಲದಿದ್ದರೂ ಸುಮಾರು ಶೇ 65ರಷ್ಟು ಜನ ಗುಣವಾದರು. ಈ ಅಂಕಿಗಳನ್ನು ನಿಮ್ಮ ನೆಂಟರಿಗೂ ಓದಿ ಹೇಳಿ. ಬರೀ ಗುಳಿಗೆ ಕೊಟ್ಟು ಕಳಿಸುವ ಸರ್ಕಾರಿ ಕೇಂದ್ರ ಖಾಸಗಿಗಿಂತ ಹಿಂದೆ ಬಿದ್ದದ್ದು ನಿಜ. ಆದರೆ ರೋಗಿಯ ಬೆನ್ನು ಹತ್ತಿ ವಿಚಾರಿಸುವ ಒಬ್ಬ ವ್ಯಕ್ತಿ ಸೇರಿದ ಕೂಡಲೇ ಆ ಅಂತರವೆಲ್ಲ ಅಳಿಸಿಹೋಯಿತು.

ನಿಮ್ಮ ತಾಯಿಯಂತೆ ಸಕ್ಕರೆ ಮತ್ತು ಖಿನ್ನತೆ ಎರಡೂ ಇರುವವರ ಬಗ್ಗೆಯೇ ಭಾರತದ ನಾಲ್ಕು ದೊಡ್ಡ ಮಧುಮೇಹ ಕ್ಲಿನಿಕ್‌ಗಳಲ್ಲಿ 404 ಜನರ ಮೇಲೆ ನಡೆದ ಇನ್ನೊಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅಲ್ಲಿ ಎರಡು ವರ್ಷಗಳ ಕೊನೆಗೆ ಖಿನ್ನತೆ ಅರ್ಧಕ್ಕಿಳಿದು, ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಗುರಿಯಷ್ಟು ಸುಧಾರಿಸಿದವರು, ಎರಡನ್ನೂ ಕೂಡಿಸಿ ನೋಡಿದ ಗುಂಪಿನಲ್ಲಿ ಶೇ 71.6, ಎಂದಿನ ಚಿಕಿತ್ಸೆ ಪಡೆದ ಗುಂಪಿನಲ್ಲಿ ಶೇ 57.4. ಅವು ನಗರದ ಕ್ಲಿನಿಕ್‌ಗಳು, ಅಲ್ಲಿದ್ದ ಸೌಕರ್ಯ ನಮ್ಮ ತಾಲ್ಲೂಕಿನಲ್ಲಿ ಇಲ್ಲ ಎಂಬುದನ್ನು ಮರೆಯಬಾರದು. ಆದರೂ ಅಲ್ಲಿ ಫಲ ಕೊಟ್ಟ ಕ್ರಮ ಗೋವಾದಲ್ಲಿ ಫಲ ಕೊಟ್ಟದ್ದನ್ನೇ ಹೋಲುತ್ತದೆ: ರೋಗಿಯನ್ನು ನಿಯಮಿತವಾಗಿ ವಿಚಾರಿಸುವ ಒಬ್ಬರು, ಪ್ರತಿ ಭೇಟಿಯಲ್ಲೂ ಅಳತೆ, ಅಳತೆ ಇಳಿಯದಿದ್ದರೆ ಚಿಕಿತ್ಸೆಯಲ್ಲಿ ಬದಲಾವಣೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇನೆ. ಮನೋವೈದ್ಯರೂ ಸಕ್ಕರೆಯ ವೈದ್ಯರೂ ಒಂದೇ ಕಟ್ಟಡದಲ್ಲಿ ಕುಳಿತ ಮಾತ್ರಕ್ಕೆ ಅದು ಸಮಗ್ರ ಚಿಕಿತ್ಸೆಯಾಗುವುದಿಲ್ಲ. ತಿಂಗಳ ನಂತರ ನಿಮ್ಮ ತಾಯಿ ಬಾರದೆ ಹೋದರೆ ಅದು ಯಾರಿಗಾದರೂ ಗೊತ್ತಾಗುತ್ತದೆಯೇ, ಗೊತ್ತಾದರೆ ಅವರು ಕರೆ ಮಾಡುತ್ತಾರೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಾನು ಮಂಗಳವಾರ ಹೋಗುವ ತಾಲ್ಲೂಕು ಆಸ್ಪತ್ರೆಯೊಂದರ ದಾದಿ ರೋಗಿಯ ಕಾರ್ಡಿನ ಹಿಂಬದಿಯಲ್ಲಿ ಮುಂದಿನ ತಾರೀಖನ್ನು ಬರೆದು, ಅದರ ಕೆಳಗೆ “ಅಮಾಸಿ ಮುಗದ ಮ್ಯಾಲಿನ ಮಂಗಳವಾರ” ಎಂದು ಓದಿ ಹೇಳಿ, ಜೊತೆಗೆ ಬಂದವರ ಮೊಬೈಲ್ ನಂಬರನ್ನು ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಬಾರದವರಿಗೆ ಗುರುವಾರ ಮಧ್ಯಾಹ್ನ ಒಬ್ಬೊಬ್ಬರಿಗಾಗಿ ಫೋನ್ ಮಾಡುತ್ತಾರೆ. ನಾನು ಬರೆಯುವ ಗುಳಿಗೆಗಿಂತ ಆ ಗುರುವಾರದ ಫೋನಿನಿಂದ ಗುಣವಾದವರು ಹೆಚ್ಚಿರಬೇಕು ಎಂದು ನನಗೆ ಹಲವು ಸಲ ಅನಿಸಿದೆ. ನಿಮ್ಮ ತಾಲ್ಲೂಕಿನಲ್ಲಿ ಈ ಕೆಲಸ ಯಾರು ಮಾಡುತ್ತಾರೆ ಎಂದು ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಯಾರೂ ಇಲ್ಲದಿದ್ದರೆ ಆ ಕೆಲಸವನ್ನು ನಿಮ್ಮ ಆಶಾ ಕಾರ್ಯಕರ್ತೆ ಮತ್ತು ನೀವು ಸೇರಿ ಮಾಡಬೇಕಾಗುತ್ತದೆ.

ಸಕ್ಕರೆಯೂ ಮನಸ್ಸೂ ಒಟ್ಟಿಗೇ ಏಕೆ ಕೆಟ್ಟವು ಎಂಬುದು ಅರ್ಥವಾದರೆ ಒಂದೇ ಕಡೆ ನೋಡಿಸುವುದರ ಪ್ರಯೋಜನವೂ ಅರ್ಥವಾಗುತ್ತದೆ. ಮಧುಮೇಹ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸರಿಸುಮಾರು ಎರಡು ಪಟ್ಟು ಹೆಚ್ಚು. ಖಿನ್ನತೆ ಇರುವವರು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ನಡೆದಾಡುವುದಿಲ್ಲ, ಸಕ್ಕರೆಯ ಗುಳಿಗೆಯನ್ನು ಮರೆಯುತ್ತಾರೆ ಇಲ್ಲವೇ ಬೇಕೆಂದೇ ಬಿಡುತ್ತಾರೆ. ಸತತ ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಹಾರ್ಮೋನು ಸಕ್ಕರೆಯನ್ನು ಮತ್ತಷ್ಟು ಏರಿಸುತ್ತದೆ. ಸಕ್ಕರೆ ಏರಿದರೆ ದಣಿವು, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಅಂಗಾಲ ಉರಿ. ಇವು ನಿದ್ದೆ ಕೆಡಿಸಿ ಖಿನ್ನತೆಯನ್ನು ಬೆಳೆಸುತ್ತವೆ. ನಿಮ್ಮ ತಾಯಿಯ 310 ಎಂಬ ಅಂಕಿ ಮತ್ತು “ಯಾತರಾಗೂ ಮನಸ್ಸಿಲ್ಲ” ಎಂಬ ಮಾತು ಒಂದನ್ನೊಂದು ಎಳೆದುಕೊಂಡು ಹೋಗುತ್ತಿವೆ. ಒಂದನ್ನು ಮಾತ್ರ ಹಿಡಿದರೆ ಇನ್ನೊಂದು ಮತ್ತೆ ಕೆಳಗೆ ಜಗ್ಗುತ್ತದೆ.

ಇದರ ನಡುವೆ ಇನ್ನೊಂದು ಸಾಧ್ಯತೆಯೂ ಇದೆ, ಅದನ್ನು ನೋಡದೆ ಬಿಡಬಾರದು. ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ, ಅದರಲ್ಲೂ ಮಾಂಸ ಮೊಟ್ಟೆ ಮುಟ್ಟದವರಲ್ಲಿ, ಬಿ12 ಜೀವಸತ್ವ ಕಡಿಮೆಯಾಗುವುದು ಸಾಮಾನ್ಯ. ಅದರ ಕೊರತೆಯಿಂದಲೂ ಕಾಲು ಜುಮ್ಮೆನ್ನುತ್ತದೆ, ಉರಿಯುತ್ತದೆ, ದಣಿವಾಗುತ್ತದೆ, ಮನಸ್ಸು ಕುಗ್ಗುತ್ತದೆ. ಥೈರಾಯ್ಡ್ ಕಡಿಮೆಯಾದರೂ ಇದೇ ಚಿತ್ರ. ಮನೋವೈದ್ಯರ ಬಳಿ ಹೋದಾಗ ಅಂಗಾಲ ಉರಿ ಹೇಳದೆ, ಸಕ್ಕರೆಯ ವೈದ್ಯರ ಬಳಿ ಹೋದಾಗ ನಿದ್ದೆಯ ಮಾತು ಎತ್ತದೆ ಬರುವ ರೋಗಿಗಳಲ್ಲಿ ಈ ಕೊರತೆ ವರ್ಷಗಳವರೆಗೆ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ. ಹಾಗಾಗಿ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ, ಥೈರಾಯ್ಡ್, ಬಿ12, ಕಿಡ್ನಿಯ ಕ್ರಿಯಾಟಿನಿನ್, ಸೋಡಿಯಂ, ಹಿಮೋಗ್ಲೋಬಿನ್ ಇಷ್ಟನ್ನು ಒಮ್ಮೆ ಮಾಡಿಸಿ. ಬಿ12 ಪರೀಕ್ಷೆ ತಾಲ್ಲೂಕು ಪ್ರಯೋಗಾಲಯದಲ್ಲಿ ಸಿಗದೆ ಹೊರಗೆ ಮಾಡಿಸಬೇಕಾಗಬಹುದು. ಆ ಖರ್ಚು ವ್ಯರ್ಥವಲ್ಲ.

ಎರಡೂ ಕಾಯಿಲೆಯ ಗುಳಿಗೆಗಳನ್ನು ಒಟ್ಟಿಗೆ ತೆಗೆದುಕೊಳ್ಳಬಹುದೇ ಎಂದರೆ, ತೆಗೆದುಕೊಳ್ಳಬಹುದು, ಆದರೆ ಬರೆಯುವವರಿಗೆ ಎಲ್ಲ ಗುಳಿಗೆಗಳೂ ಗೊತ್ತಿರಬೇಕು. ಮೊನ್ನೆ ಹಿರಿಯರೊಬ್ಬರು ತಮ್ಮ ಬಟ್ಟೆಯ ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ಬೇರೆ ಬೇರೆ ಹೆಸರಿನ ಎರಡು ಗುಳಿಗೆ ಪಟ್ಟಿಗಳಲ್ಲಿ ಇದ್ದದ್ದು ಎಸ್ಸಿಟಲೋಪ್ರಾಮ್ ಎಂಬ ಖಿನ್ನತೆಯ ಒಂದೇ ಔಷಧ. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಜೊತೆಗೆ ಹೃದಯಕ್ಕೆಂದು ಆಸ್ಪಿರಿನ್, ಮೊಣಕಾಲಿಗೆಂದು ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ತಂದ ನೋವಿನ ಗುಳಿಗೆ. ಖಿನ್ನತೆಯ ಈ ಜಾತಿಯ ಗುಳಿಗೆಯ ಜೊತೆ ಆಸ್ಪಿರಿನ್ ಮತ್ತು ನೋವಿನ ಗುಳಿಗೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇದೇ ಜಾತಿಯ ಗುಳಿಗೆಯಿಂದ ವಯಸ್ಸಾದವರಲ್ಲಿ, ವಿಶೇಷವಾಗಿ ಬಿಪಿಗೆ ಮೂತ್ರ ಹೋಗಿಸುವ ಗುಳಿಗೆ ತೆಗೆದುಕೊಳ್ಳುವವರಲ್ಲಿ, ರಕ್ತದ ಸೋಡಿಯಂ ಇಳಿದು ತಲೆ ಸುತ್ತು, ಗೊಂದಲ ಕಾಣಿಸಬಹುದು. ಖಿನ್ನತೆಯ ಕೆಲವು ಗುಳಿಗೆಗಳು ಹಸಿವನ್ನೂ ತೂಕವನ್ನೂ ಹೆಚ್ಚಿಸುತ್ತವೆ, ತೀವ್ರ ಮನೋರೋಗಗಳಿಗೆ ಕೊಡುವ ಓಲಾಂಜಪಿನ್‌ನಂಥವು ಸಕ್ಕರೆಯನ್ನೇ ಏರಿಸುತ್ತವೆ; ಖಿನ್ನತೆಯ ಗುಳಿಗೆಯಾದ ಫ್ಲುಯೊಕ್ಸೆಟಿನ್ ಕೆಲವರಲ್ಲಿ ಸಕ್ಕರೆಯನ್ನು ಸ್ವಲ್ಪ ಇಳಿಸುವುದರಿಂದ ಮೊದಲ ವಾರಗಳಲ್ಲಿ ಸಕ್ಕರೆ ನೋಡಿಕೊಳ್ಳಬೇಕು. ಡುಲೋಕ್ಸೆಟಿನ್ ಎಂಬುದು ಖಿನ್ನತೆಗೂ ಮಧುಮೇಹದ ನರದ ಉರಿಗೂ ಉಪಯೋಗಕ್ಕೆ ಬರುತ್ತದೆ; ನಿಮ್ಮ ತಾಯಿಗೆ ಅದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಬಹುದು, ಕಿಡ್ನಿ ಮತ್ತು ಯಕೃತ್ತಿನ ಸ್ಥಿತಿ ನೋಡಿ ಅವರೇ ನಿರ್ಧರಿಸಬೇಕು. ನನ್ನ ಈ ಬರಹ ಓದಿ ನೀವೇ ಯಾವುದನ್ನೂ ಬದಲಿಸಬೇಡಿ.

ಪುಕ್ಕಟೆ ಗುಳಿಗೆಯಲ್ಲಿ ಶಕ್ತಿ ಇರುವುದಿಲ್ಲ ಎಂಬ ನೆಂಟರ ಮಾತು ಸರಿಯಲ್ಲ. ಡಬ್ಬಿಯ ಮೇಲಿನ ಹೆಸರು ಯಾವುದೇ ಇರಲಿ, ಒಳಗಿನ ಔಷಧ ಮತ್ತು ಅದರ ಮಿಲಿಗ್ರಾಂ ಒಂದೇ ಆಗಿದ್ದರೆ ಕೆಲಸವೂ ಒಂದೇ. ಬೆಲೆಯ ಅಂತರ ಬಹುಪಾಲು ಕಂಪನಿಯ ಹೆಸರು ಮತ್ತು ಪ್ರಚಾರದ್ದು. ಸರ್ಕಾರಿ ಆಸ್ಪತ್ರೆಯ ನಿಜವಾದ ತೊಂದರೆ ಬೇರೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ: ಕೆಲವು ಸಲ ಗುಳಿಗೆಯ ಸರಬರಾಜು ನಿಲ್ಲುತ್ತದೆ. ಹದಿನೈದು ದಿನ ಬಿಟ್ಟರೇನಾಯಿತು ಎಂದು ಸುಮ್ಮನಿದ್ದವರೇ ಮರುಕಳಿಸಿ ಬರುತ್ತಾರೆ. ಗುಳಿಗೆಯ ಬಣ್ಣ ನೆನಪಿಟ್ಟುಕೊಳ್ಳುವ ಬದಲು ಔಷಧದ ಮೂಲ ಹೆಸರನ್ನೂ ಮಿಲಿಗ್ರಾಂ ಪ್ರಮಾಣವನ್ನೂ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಆಸ್ಪತ್ರೆಯಲ್ಲಿ ಮುಗಿದಿದ್ದರೆ ಅದೇ ಹೆಸರನ್ನು ತೋರಿಸಿ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದು.

“ಒಮ್ಮೆ ಹಿಡಿದರೆ ಬಿಡಲು ಬರುವುದಿಲ್ಲ” ಎಂಬ ಮಾತಿನಲ್ಲಿ ಎರಡು ಬೇರೆ ಗುಳಿಗೆಗಳ ಕಥೆ ಬೆರೆತಿದೆ. ಅಲ್ಪ್ರಾಜೊಲಾಂ, ಕ್ಲೊನಾಜೆಪಾಂ ಮುಂತಾದ ನಿದ್ದೆಯ ಮತ್ತು ಆತಂಕದ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಚಟ ಹತ್ತುವುದು ನಿಜ; ಅವನ್ನು ಕೆಲವು ವಾರಗಳಿಗಷ್ಟೇ ಕೊಡಬೇಕು. ಖಿನ್ನತೆಯ ಗುಳಿಗೆ ಅಂಥದ್ದಲ್ಲ. ಅದಕ್ಕೆ ಅಮಲಿಲ್ಲ, ದಿನದಿನಕ್ಕೆ ಹೆಚ್ಚು ಬೇಕೆನಿಸುವುದಿಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ಕೆಲವು ದಿನ ತಲೆ ಸುತ್ತು, ನಿದ್ದೆಗೇಡು, ಕರೆಂಟ್ ಹೊಡೆದಂಥ ಅನುಭವ ಆಗಬಹುದು, ಹಾಗಾಗಿ ಅದನ್ನು ಹಂತ ಹಂತವಾಗಿ ಇಳಿಸುತ್ತೇವೆ. ಈ ಗುಳಿಗೆ ಪರಿಣಾಮ ತೋರಿಸಲು ಎರಡರಿಂದ ನಾಲ್ಕು ವಾರ, ಪೂರ್ತಿ ಫಲ ಕೊಡಲು ಆರರಿಂದ ಎಂಟು ವಾರ ಬೇಕು. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಚೇತರಿಸಿಕೊಂಡ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಪದೇ ಪದೇ ಬಂದವರಿಗೆ ಇನ್ನೂ ದೀರ್ಘಕಾಲ. ನಿಮ್ಮ ತಾಯಿಗೆ ಮರುಕಳಿಸಿದ್ದು ಗುಳಿಗೆ ಕೆಲಸ ಮಾಡದೆ ಅಲ್ಲ, ಕೆಲಸ ಮಾಡುತ್ತಿದ್ದಾಗಲೇ ನಿಂತದ್ದರಿಂದ. ಇದನ್ನು ನಿಮ್ಮ ತಪ್ಪೆಂದು ಎಣಿಸಬೇಡಿ. ತಿಂಗಳಿಗೆ 2,500 ರೂಪಾಯಿ ಮತ್ತು ಒಂದು ದಿನದ ಕೂಲಿ ಬೇಡುವ ಚಿಕಿತ್ಸೆಯನ್ನು ನಮ್ಮ ಬಹುತೇಕ ಮನೆಗಳು ಗುಣ ಕಂಡ ಕೂಡಲೇ ನಿಲ್ಲಿಸುತ್ತವೆ.

ಖರ್ಚಿನ ಲೆಕ್ಕ ಇಲ್ಲಿಗೇ ಬಂದು ಸೇರುತ್ತದೆ. ಕನಿಷ್ಠ ಒಂಬತ್ತು ತಿಂಗಳು ನಡೆಯಬೇಕಾದ ಚಿಕಿತ್ಸೆಗೆ ನಿಮ್ಮ ಲೆಕ್ಕದಂತೆ 22,500 ರೂಪಾಯಿ, ಕೂಲಿ ಬೇರೆ, ಸಕ್ಕರೆಯ ವೈದ್ಯರ ಖರ್ಚು ಬೇರೆ. ನೀವು 7,500 ಖರ್ಚು ಮಾಡಿ ಮೂರನೆಯ ತಿಂಗಳಿಗೆ ನಿಲ್ಲಿಸಿದಿರಿ. ಈಗ ಮೊದಲಿನಿಂದ ಆರಂಭಿಸಬೇಕು, ಏರಿದ ಸಕ್ಕರೆಯಿಂದ ಕಣ್ಣು ಕಿಡ್ನಿಗಳಿಗೆ ಆಗಬಹುದಾದ ಹಾನಿಯ ಲೆಕ್ಕವನ್ನು ಇನ್ನೂ ಯಾರೂ ಹಾಕಿಲ್ಲ. ದೇಶದ 12 ರಾಜ್ಯಗಳಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ಕುಟುಂಬಗಳು ಚಿಕಿತ್ಸೆ ಮತ್ತು ಪ್ರಯಾಣಕ್ಕೆಂದೇ ತಿಂಗಳಿಗೆ 1,000ದಿಂದ 1,500 ರೂಪಾಯಿ ಖರ್ಚು ಮಾಡುತ್ತಿದ್ದುದು ಕಂಡುಬಂದಿತ್ತು. ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಗಳಿರುವವರಲ್ಲಿ ಶೇ 85ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಶುಲ್ಕ ಮತ್ತು ಗುಳಿಗೆಯ ಹಣ ಉಳಿಯುವುದರ ಜೊತೆಗೆ, ಎರಡು ಕಾಯಿಲೆಗೆ ಎರಡು ದಿನ ಹೋಗುವುದು ತಪ್ಪಿ ಒಂದು ದಿನದ ಕೂಲಿಯೂ ಉಳಿಯುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಮಹಿಳೆಯರಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲವಾದ್ದರಿಂದ ಇಂಡಿಗೋ ವಿಜಯಪುರಕ್ಕೋ ಹೋಗಲು ತಾಯಿಗೆ ಪ್ರಯಾಣದ ವೆಚ್ಚವೂ ಇಲ್ಲ. ಸೊಲ್ಲಾಪುರದವರೆಗೆ ಆ ಅನುಕೂಲ ಸಿಗುವುದಿಲ್ಲ.

ಸಂಶೋಧನೆಯ ಲೆಕ್ಕವೂ ಇದನ್ನೇ ಬೆಂಬಲಿಸುತ್ತದೆ. ಗೋವಾದ ಅಧ್ಯಯನದಲ್ಲಿ ಸರ್ಕಾರಿ ಕೇಂದ್ರಗಳ ಮಟ್ಟಿಗೆ ಸಲಹೆಗಾರ್ತಿಯ ವೇತನ ಸೇರಿಸಿಯೂ ಒಟ್ಟು ವೆಚ್ಚ ಉಳಿತಾಯವಾಯಿತು. ಅಮೆರಿಕದಲ್ಲಿ 60 ವರ್ಷ ದಾಟಿದ 1,801 ಜನರ ಮೇಲೆ ನಡೆದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಇಂಥ ಚಿಕಿತ್ಸೆ ಪಡೆದವರಲ್ಲಿ ಶೇ 45ರಷ್ಟು ಜನರ ಖಿನ್ನತೆ ಒಂದು ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆಯಾಯಿತು, ಎಂದಿನ ಚಿಕಿತ್ಸೆಯವರಲ್ಲಿ ಶೇ 19. ಕಾರ್ಯಕ್ರಮಕ್ಕೆ ಮೊದಮೊದಲು ಹೆಚ್ಚುವರಿ ಹಣ ಬೇಕಾದರೂ ನಾಲ್ಕು ವರ್ಷಗಳ ಒಟ್ಟು ಆರೋಗ್ಯ ವೆಚ್ಚ ಸರಾಸರಿಯಲ್ಲಿ ಕಡಿಮೆಯೇ ಆಯಿತು. ಆದರೆ ಇದನ್ನು ಎಲ್ಲ ಮಾನಸಿಕ ಕಾಯಿಲೆಗಳಿಗೂ ಹಿಗ್ಗಿಸಿ ಹೇಳುವಂತಿಲ್ಲ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇರುವವರಿಗೆ ಮನೆಬಾಗಿಲಿಗೆ ಹೋಗಿ ಆರೈಕೆ ಕೊಟ್ಟ ಭಾರತದ ಅಧ್ಯಯನವೊಂದರಲ್ಲಿ, 2014ರಲ್ಲಿ ಪ್ರಕಟವಾದದ್ದು, ಪ್ರಯೋಜನ ಸಾಧಾರಣವಾಗಿತ್ತು, ಖರ್ಚು ಹೆಚ್ಚಾಗಿತ್ತು. ಅಲ್ಲಿ ಖರ್ಚು ಹೆಚ್ಚೆಂದು ಆರೈಕೆಯನ್ನೇ ಬಿಡಬೇಕೆಂದು ನಾನು ಹೇಳುವುದಿಲ್ಲ. ಹಣ ಉಳಿಯುತ್ತದೆ ಎಂಬ ಆಸೆ ತೋರಿಸಿ ಆ ಕುಟುಂಬಗಳನ್ನು ಕರೆಯಬಾರದು ಎನ್ನುತ್ತೇನೆ.

ಹಾಗಾದರೆ ನೀವು ಏನು ಮಾಡಬಹುದು? ತಾಲ್ಲೂಕು ಆಸ್ಪತ್ರೆಯಲ್ಲೇ ಎರಡಕ್ಕೂ ಚಿಕಿತ್ಸೆ ಮುಂದುವರಿಸುವುದು ನನ್ನ ಮೊದಲ ಸಲಹೆ. ಅದರ ಕೊರತೆಗಳು ಹೀಗಿವೆ: ಮಂಗಳವಾರ ಜನ ಬಹಳ, ನಿಮ್ಮ ತಾಯಿಗೆ ಐದೋ ಹತ್ತೋ ನಿಮಿಷ ಸಿಗಬಹುದು, ಗಂಡನನ್ನು ಕಳೆದುಕೊಂಡ ದುಃಖವನ್ನು ಕುಳಿತು ಕೇಳಲು ಆ ಸಮಯ ಸಾಲದು, ವೈದ್ಯರು ವರ್ಗವಾಗಿ ಹೊಸಬರು ಬರಬಹುದು, ಊರಿನವರು ಸಿಕ್ಕಿ ಏಕೆ ಬಂದಿರಿ ಎಂದು ಕೇಳಬಹುದು. ಈ ಕೊನೆಯದಕ್ಕೆ ಮಾತ್ರ ಇಲ್ಲೊಂದು ಅನುಕೂಲವಿದೆ: ಸಕ್ಕರೆ ಬಿಪಿಯ ಸಾಲಿನಲ್ಲಿ ನಿಂತವರನ್ನು ಯಾರೂ ಬೇರೆ ಕಣ್ಣಿನಿಂದ ನೋಡುವುದಿಲ್ಲ. ಆಪ್ತಸಲಹೆಯ ಕೊರತೆಯನ್ನು ಟೆಲಿ ಮಾನಸ್ ಮೂಲಕ ಒಂದಿಷ್ಟು ತುಂಬಿಕೊಳ್ಳಬಹುದು. ಗೋವಾದಲ್ಲೇ ನಡೆದು 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ತಜ್ಞರಲ್ಲದ ಸಲಹೆಗಾರರು ಖಿನ್ನತೆ ಇರುವವರನ್ನು ಸಣ್ಣಪುಟ್ಟ ದಿನನಿತ್ಯದ ಕೆಲಸಗಳಿಗೆ ಮತ್ತೆ ಹಚ್ಚುವ ಕೆಲವೇ ಭೇಟಿಗಳಿಂದ ಮೂರು ತಿಂಗಳಲ್ಲಿ ಶೇ 64ರಷ್ಟು ಜನ ಗುಣಮುಖರಾದರು, ಇಲ್ಲದವರಲ್ಲಿ ಶೇ 39. ಅದರ ತಿರುಳನ್ನು ಮನೆಯಲ್ಲೂ ಮಾಡಬಹುದು: ಮನಸ್ಸು ಬಂದ ಮೇಲೆ ಕೆಲಸ ಎನ್ನುವ ಬದಲು, ಮೊದಲು ಗುಡಿಯವರೆಗೆ ನಡೆದು ಬರುವುದು, ಮೊಮ್ಮಗಳ ಜಡೆ ಹಾಕುವುದು, ಹೀಗೆ ಅವರಿಗೆ ಹಿಂದೆ ಇಷ್ಟವಿದ್ದ ಒಂದನ್ನು ದಿನದ ಗೊತ್ತಾದ ಹೊತ್ತಿಗೆ ಮಾಡಿಸಿ. “ಧೈರ್ಯ ತಗೋ” ಎಂಬ ಉಪದೇಶ ಬೇಡ; ಅದು ಅವರಲ್ಲಿ ಇಲ್ಲದ್ದನ್ನೇ ಕೇಳಿದಂತಾಗುತ್ತದೆ.

ಸೊಲ್ಲಾಪುರದಲ್ಲೇ ಮುಂದುವರಿಸುವುದೂ ತಪ್ಪಲ್ಲ, ಕನಿಷ್ಠ ಒಂಬತ್ತು ತಿಂಗಳು ನಡೆಸುವ ಶಕ್ತಿ ಇದ್ದರೆ. ಅಲ್ಲಿ ವೈದ್ಯರು ತಾಯಿಯನ್ನು ಬಲ್ಲರು, ಅವರ ಗುಳಿಗೆ ಹಿಡಿಸಿದೆ. ಅಪಾಯವಿರುವುದು ಮತ್ತೆ ನಡುವೆ ನಿಲ್ಲುವುದರಲ್ಲಿ ಮತ್ತು ಸಕ್ಕರೆಯ ವೈದ್ಯರಿಗೂ ಅವರಿಗೂ ಮಾತುಕತೆ ಇಲ್ಲದಿರುವುದರಲ್ಲಿ. ಕೆಲವು ಸ್ಥಿತಿಗಳಲ್ಲಿ ಮಾತ್ರ ತಾಲ್ಲೂಕಿನಲ್ಲೇ ಉಳಿಯಬಾರದು: ಸಾಯುವ ಯೋಚನೆ ಗಟ್ಟಿಯಾದರೆ, ಕಿವಿಯಲ್ಲಿ ಮಾತು ಕೇಳಿಸುವುದು ಅಥವಾ ವಿಪರೀತ ಸಂಶಯ ಆರಂಭವಾದರೆ, ನೆನಪು ಕುಸಿಯುತ್ತಿದ್ದರೆ, ಸರಿಯಾದ ಪ್ರಮಾಣದಲ್ಲಿ ಎರಡು ಬೇರೆ ಗುಳಿಗೆಗಳನ್ನು ಸಾಕಷ್ಟು ಕಾಲ ಕೊಟ್ಟರೂ ಇಳಿಯದಿದ್ದರೆ ಜಿಲ್ಲಾ ಕೇಂದ್ರದ ತಜ್ಞರಿಗೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ತೋರಿಸಬೇಕು.

ವಿಮೆಯ ಪ್ರಶ್ನೆಗೆ ಉತ್ತರ ಚಿಕ್ಕದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂದಿದ್ದು, ದೈಹಿಕ ಕಾಯಿಲೆಗೆ ವಿಮೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ಕೊಡಬೇಕೆಂದು ಅದರ 21ನೇ ಕಲಂ ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ ಅದೇ ವರ್ಷ ಕಂಪನಿಗಳಿಗೆ ಸೂಚನೆಯನ್ನೂ ಕೊಟ್ಟಿತು. ಆದರೆ ಬಹುತೇಕ ಪಾಲಿಸಿಗಳು ಒಳರೋಗಿಯಾಗಿ ಸೇರಿದಾಗಷ್ಟೇ ಹಣ ಕೊಡುವುದರಿಂದ ನಿಮ್ಮ ತಾಯಿಯ ತಿಂಗಳ ಭೇಟಿ ಮತ್ತು ಗುಳಿಗೆಗೆ ಅದು ಸಾಮಾನ್ಯವಾಗಿ ಒದಗುವುದಿಲ್ಲ. ಅದೇ ಕಾಯ್ದೆಯ 18ನೇ ಕಲಂ ಮಾನಸಿಕ ಆರೋಗ್ಯ ಸೇವೆಯನ್ನು ಸಾಮಾನ್ಯ ಆರೋಗ್ಯ ಸೇವೆಯ ಎಲ್ಲ ಹಂತಗಳಲ್ಲೂ ಸೇರಿಸಬೇಕೆಂದು ಸರ್ಕಾರಕ್ಕೆ ವಿಧಿಸಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಗುಳಿಗೆ ಇಲ್ಲವೆಂದಾಗ, ಮನೋವೈದ್ಯರು ಬಂದಿಲ್ಲವೆಂದಾಗ ನೀವು ಸೌಜನ್ಯದಿಂದ ಕೇಳುವುದು ಉಪಕಾರವನ್ನಲ್ಲ, ಹಕ್ಕನ್ನು.

ಮುಂದಿನ ಮಂಗಳವಾರ ಹೋಗುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನು, ಖಾಲಿ ಪಟ್ಟಿಗಳನ್ನೂ ಸೇರಿಸಿ, ಒಂದೇ ಚೀಲದಲ್ಲಿ ತೆಗೆದುಕೊಂಡು ಹೋಗಿ. ಒಂಬತ್ತು ಪ್ರಶ್ನೆಗಳ ಖಿನ್ನತೆಯ ಅಳತೆಯೊಂದಿದೆ, ಒಟ್ಟು 27 ಅಂಕಗಳದ್ದು. ಅದನ್ನು ಕೇಳಿ ಬಂದ ಅಂಕವನ್ನು ಸಕ್ಕರೆಯ ಅಂಕಿಯ ಪಕ್ಕದಲ್ಲೇ ಬರೆದುಕೊಡಿ ಎಂದು ಕೇಳಿ, ಪ್ರತಿ ಭೇಟಿಯಲ್ಲೂ ಬರೆಸಿ. ಆರರಿಂದ ಎಂಟು ವಾರದಲ್ಲಿ ಅದು ಅರ್ಧಕ್ಕೆ ಇಳಿಯದಿದ್ದರೆ ಪ್ರಮಾಣ ಹೆಚ್ಚಿಸಬೇಕೇ, ಗುಳಿಗೆ ಬದಲಿಸಬೇಕೇ ಎಂದು ನೀವಾಗಿಯೇ ಕೇಳಿ. ಹಳೆಯ ಚೀಟಿಯನ್ನೇ ಮತ್ತೆ ಬರೆಸಿಕೊಂಡು ಬರಬೇಡಿ. ಸೊಲ್ಲಾಪುರದ ವೈದ್ಯರಿಗೆ ಒಂದು ಫೋನ್ ಮಾಡಿ, ಯಾವ ಔಷಧ, ಎಷ್ಟು ಮಿಲಿಗ್ರಾಂ, ಎಷ್ಟು ದಿನ ಕೊಟ್ಟರು ಎಂಬ ಪತ್ರವನ್ನು ತರಿಸಿಕೊಳ್ಳಿ. ಒಮ್ಮೆ ಫಲ ಕೊಟ್ಟ ಔಷಧವೇ ಮತ್ತೆ ಫಲ ಕೊಡುವ ಸಂಭವ ಹೆಚ್ಚಾದ್ದರಿಂದ ತಾಲ್ಲೂಕಿನ ವೈದ್ಯರು ಬಹುಶಃ ಅದನ್ನೇ ಆರಂಭಿಸುತ್ತಾರೆ. ಅಲ್ಲಿಯವರೆಗೆ ಮನೆಯಲ್ಲಿ ಉಳಿದಿರುವ ಹಳೆಯ ಗುಳಿಗೆಗಳನ್ನು ನೀವೇ ಕೊಡಲು ಶುರು ಮಾಡಬೇಡಿ. ಸಕ್ಕರೆಯ ಗುಳಿಗೆಯನ್ನು ಮಾತ್ರ ಒಂದು ದಿನವೂ ತಪ್ಪಿಸಬೇಡಿ. ತಾಯಿ ಏನೂ ಉಣ್ಣದ ದಿನ ಪೂರ್ತಿ ಗುಳಿಗೆ ಕೊಡಬೇಕೇ ಎಂಬುದನ್ನು ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ ನಿರ್ಧರಿಸಿ. 310ರ ಅಂಕಿಯನ್ನು ಮಂಗಳವಾರದವರೆಗೆ ಬಿಡದೆ ನಾಳೆಯೇ ಅವರಿಗೆ ತೋರಿಸಿ.